ಅಂತಿಮ ಹದಿನಾಲ್ಕು ದಿನಗಳ ನೀರು

ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟಸೀಮೆಯಾದ ಮಾರ್ಬೆಕ್ ಕೌಂಟಿಯಲ್ಲಿ, ಕೊಯ್ಲಿಗೆ ಮುಂಚಿನ ಹದಿನಾಲ್ಕು ದಿನ ಗಾಂಜಾ ಗಿಡಕ್ಕೆ ಗೊಬ್ಬರ ಹಾಕದೆ ಬರೀ ನೀರು ಕೊಡತಕ್ಕದ್ದು ಎಂಬುದು ಸರ್ವಸಮ್ಮತ ಸತ್ಯವಾಗಿದೆ. ಕೊಟ್ಟರೆ ಹೊಗೆ ಗಂಟಲು ಕೆರೆಯುವುದಿಲ್ಲ, ಬೂದಿ ಬೆಳ್ಳಗೆ ಬೀಳುತ್ತದೆ. ಕೊಡದಿದ್ದರೆ ಬೂದಿಯೂ ಕಪ್ಪು, ಬೆಳೆಗಾರನ ಮುಖವೂ ಕಪ್ಪು. ಇದನ್ನು ಯಾರೂ ಪರೀಕ್ಷಿಸಿ ನೋಡಿಲ್ಲ. ಎಲ್ಲರೂ ನಂಬಿರುವಾಗ ಪರೀಕ್ಷೆ ಯಾತಕ್ಕೆ?

ಸತ್ಯವೊಂದಿದ್ದ ಮೇಲೆ ಅದಕ್ಕೊಂದು ನಮೂನೆ ಬೇಡವೇ? ಕೌಂಟಿಯ ಪುಷ್ಪ ಗುಣಮಟ್ಟ ಕಛೇರಿ ಪ್ರಕಟಣೆ ಹೊರಡಿಸಿತು: "ಅಂತಿಮ ಹದಿನಾಲ್ಕು ದಿನ ಗಿಡಕ್ಕೆ ಉಣಿಸಿದ ಪದಾರ್ಥದ ನೋಂದಣಿ ಸಂಖ್ಯೆಯನ್ನು ದಿನವಹಿ ನಮೂದಿಸತಕ್ಕದ್ದು. ಖಾಲಿ ಬಿಟ್ಟ ಕಲಂ ಅಪರಾಧ. ಪ್ರಮಾಣಪತ್ರವಿಲ್ಲದ ಹೂವನ್ನು ಸುಡಲಾಗುವುದು. ಸುಡುವಾಗ ಸಾರ್ವಜನಿಕರು ಗಾಳಿ ಬೀಸುವ ಕಡೆ ನಿಲ್ಲತಕ್ಕದ್ದಲ್ಲ."

ಬೆಳೆಗಾರ್ತಿ ವೆರ್ನಾ ಟಾಲ್ಬಟ್‌ಗೆ ಅರವತ್ತೇಳು. ಹಿಂದೆ ಗಾಂಜಾ ನಿಷಿದ್ಧವಾಗಿದ್ದಾಗ ಪೊಲೀಸರ ಹೆಲಿಕಾಪ್ಟರ್ ಸದ್ದು ಕೇಳಿದರೆ ಪೊದೆಯೊಳಗೆ ತೂರಿಕೊಂಡರೆ ಸಾಕಿತ್ತು. ಈಗ ಎಲ್ಲ ಕಾನೂನುಬದ್ಧ, ಅಡಗಲು ಜಾಗವೇ ಇಲ್ಲ. ಹೋದ ವರ್ಷದ ಬೆಳೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿದು ಹೋಗಿತ್ತು. ಸತತ ಎರಡು ವರ್ಷ ಹೂವು ಒಪ್ಪಿಸದವರ ಪರವಾನಗಿ ರದ್ದು. ನಲವತ್ತು ವರ್ಷ ಈ ಮಣ್ಣಲ್ಲೇ ಕೈ ಸವೆಸಿದವಳಿಗೆ ಆ ಕಾಗದ ಹೋಯಿತೆಂದರೆ ಬದುಕೇ ಹೋದ ಹಾಗೆ.

ಬರೀ ನೀರಿನ ಹನ್ನೆರಡನೆಯ ದಿನ ಕಛೇರಿಯ ಇನ್‌ಸ್ಪೆಕ್ಟರ್ ಗಾರ್ವಿನ್ ಬಂದ.

"ಏನು ಕೊಡ್ತಿದ್ದೀರಿ ವೆರ್ನಾ ಮೇಡಂ?"

"ನೀರು. ಹಿತ್ತಲ ಒರತೇದು."

"ಅದರ ನಂಬರು?"

"ಒರತೆಗೆಂಥ ನಂಬರಯ್ಯಾ? ಬೆಟ್ಟದಿಂದ ಬರತ್ತೆ, ಕೆಳಗೆ ಹೋಗತ್ತೆ."

ಗಾರ್ವಿನ್ ನಿಟ್ಟುಸಿರುಬಿಟ್ಟ. "ದಾಖಲೆ ಪ್ರಕಾರ ನೀವು ಏನೂ ಕೊಟ್ಟಿಲ್ಲ. ಏನೂ ಕೊಡದಿದ್ರೆ ಗಿಡ ಒಣಗಬೇಕಿತ್ತು. ನೋಡಿದ್ರೆ ನಳನಳಿಸ್ತಿದೆ. ಇದು ನಿಮ್ಮ ವಿರುದ್ಧವೇ ಸಾಕ್ಷಿ."

ಪಕ್ಕದ ಹೊಲದ ಲೈಲ್ ಬೇಲಿಯಾಚೆಯಿಂದ ಕೂಗಿದ. "ಪೇಟೇಲಿ 'ಝೀರೋ ಹದಿನಾಲ್ಕು' ಬಂದಿದೆ ಕಣೇ! ನಾನು ಆರು ಕ್ಯಾನ್ ತಂದೆ. ಹಾಕಿದ್ಮೇಲೆ ಹೂವಿನ ಘಮ ಏನಂತೀಯ!"

"ಅದರಲ್ಲೇನಿದೆ?"

"ನೀರು. ಆದ್ರೆ ನಂಬರಿರೋ ನೀರು."

ವೆರ್ನಾ ಹೋಗಿ ತಂದಳು. ಕ್ಯಾನಿನ ಮೇಲೆ ಘಟಕಾಂಶ: ನೀರು. ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ ಎಂದೂ ಇತ್ತು. ಇಷ್ಟಕ್ಕೆ ಮುಗಿಯಲಿಲ್ಲ. ನಂಬರಿನ ನೀರು ಬಿದ್ದ ದಿನವೇ ಮೊದಲನೆಯ ದಿನ, ಎಣಿಕೆ ಮತ್ತೆ ಒಂದರಿಂದ ಎಂದ ಗಾರ್ವಿನ್.

"ಹೂವು ಹಣ್ಣಾಗಿ ನಿಂತಿದೆ ಕಣಯ್ಯಾ! ಶನಿವಾರ ಮಳೆ!"

"ಮಳೆಗೂ ನಂಬರಿಲ್ಲ ಮೇಡಂ. ಬುಡಕ್ಕೆ ಬಿದ್ರೆ ಎಣಿಕೆ ಪುನಃ ಒಂದು. ಟಾರ್ಪಾಲು ಹೊದಿಸಿ."

"ಹೊದಿಸಿದ್ರೆ ಒಳಗಿನ ಹಬೆಗೇ ಬೂಷ್ಟು ಬರತ್ತೆ!"

"ನಮೂನೇಲಿ ಬೂಷ್ಟಿನ ಬಗ್ಗೆ ಏನೂ ಇಲ್ಲ."

ವೆರ್ನಾ ಒಳಗೆ ಹೋದಳು. ಪ್ರಕಟಣೆಯನ್ನು ಮೂರು ಸಲ ಓದಿದಳು. ಗಿಡಕ್ಕೆ ಉಣಿಸತಕ್ಕದ್ದು ಎಂದಿತ್ತೇ ಹೊರತು ಗಿಡದಲ್ಲಿ ಹೂವಿರತಕ್ಕದ್ದು ಎಂದು ಎಲ್ಲೂ ಇರಲಿಲ್ಲ. ಶುಕ್ರವಾರವೇ ಎಲ್ಲ ಹೂವು ಕೊಯ್ದು, ಕೊಟ್ಟಿಗೆಯಲ್ಲಿ ಹಗ್ಗ ಕಟ್ಟಿ ಒಣಗಲು ನೇತುಹಾಕಿದಳು. ಶನಿವಾರದಿಂದ ಮಳೆಯಲ್ಲಿ ಬೋಳು ಕಡ್ಡಿಗಳಿಗೆ ಟಾರ್ಪಾಲು ಹೊದಿಸಿ, ಕ್ಯಾನು ಅಲುಗಾಡಿಸಿ, ಸಾಲಾಗಿ ನೀರು ಹಾಕುತ್ತ ಬಂದಳು. ಹುಚ್ಚು ಹಿಡಿದಿದೆ ಎಂದು ತನಗೇ ಅನ್ನಿಸಿತು.

ಗಾರ್ವಿನ್ ಟಾರ್ಪಾಲು ಎತ್ತಿ ಬಗ್ಗಿ ನೋಡಿದ. "ಹೂವೆಲ್ಲಿ?"

"ಹೂವಿಗೆ ಕಲಂ ಇದೆಯಾ?"

ಅವನು ಹಾಳೆ ತಿರುವಿದ. ಹಿಂದೆಯೂ ನೋಡಿದ. ಇರಲಿಲ್ಲ. "ಗಿಡ ಸ್ವಸ್ಥ. ಪೋಷಣೆ ಕ್ರಮಬದ್ಧ" ಎಂದು ಬರೆದು ಸಹಿ ಹಾಕಿದ. ಹದಿನಾಲ್ಕೂ ದಿನ ಹೀಗೇ ನಡೆಯಿತು, ಹದಿನೈದನೆಯ ದಿನ ಪ್ರಮಾಣಪತ್ರ ಬಂತು.

ಕೌಂಟಿ ಸ್ಪರ್ಧೆಯಲ್ಲಿ ಮೂವರು ತೀರ್ಪುಗಾರರು ವೆರ್ನಾಳ ಹೂವನ್ನು ಸೇದಿ, ಬೂದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಬಹಳ ಹೊತ್ತು ಸುಮ್ಮನಿದ್ದರು. ಸುಮ್ಮನಿದ್ದದ್ದು ಆಲೋಚನೆಯಿಂದಲೋ ಹೂವಿನಿಂದಲೋ ತಿಳಿಯಲಿಲ್ಲ. ಕೊನೆಗೆ ಹಿರಿಯ ತೀರ್ಪುಗಾರ ಎದ್ದು ನಿಂತ. "ಪ್ರಥಮ ಬಹುಮಾನ. ಅಂತಿಮ ಹದಿನಾಲ್ಕು ದಿನಗಳ ಪೋಷಣೆಯ ಗುಣ ಈ ಹೂವಿನಲ್ಲಿ ಎದ್ದು ಕಾಣುತ್ತದೆ."

ವೆರ್ನಾಳಿಗೆ ತಡೆಯಲಾಗಲಿಲ್ಲ. "ಆ ಹದಿನಾಲ್ಕು ದಿನ ಹೂವು ಕೊಟ್ಟಿಗೇಲಿ ನೇತಾಡ್ತಿತ್ತು ಕಣ್ರಪ್ಪಾ! ನಾನು ನೀರು ಹಾಕಿದ್ದು ಬೋಳು ಕಡ್ಡಿಗೆ!"

ತೀರ್ಪುಗಾರರು ಅದನ್ನು ಬರೆದುಕೊಂಡರು. ಕ್ಯಾನಿನ ಕಂಪನಿಯವನು ಓಡಿಬಂದು ಕೈಕುಲುಕಿದ. ಲೈಲ್ ಮಾತ್ರ ಮುಖ ಊದಿಸಿಕೊಂಡಿದ್ದ. "ಇಂಥಾ ಗುಟ್ಟು ಒಬ್ಬಳೇ ಇಟ್ಕೊಂಡಿದ್ದೆಯಲ್ಲೇ. ಇದೇನಾ ನಮ್ಮ ಸ್ನೇಹ?"

ಹೊಸ ಪ್ರಕಟಣೆ ಮುಂದಿನ ವಾರವೇ ಬಂತು: "ಇನ್ನು ಮುಂದೆ ಬೆಳೆಗಾರರು ಮೊದಲು ಹೂವು ಕೊಯ್ದು, ನಂತರ ಹದಿನಾಲ್ಕು ದಿನ ಕಡ್ಡಿಗೆ ನೋಂದಾಯಿತ ನೀರು ಉಣಿಸತಕ್ಕದ್ದು. ಶ್ರೀಮತಿ ಟಾಲ್ಬಟ್ ಅವರು ತರಬೇತಿ ನೀಡುವರು. ತರಬೇತಿ ನೀಡುತ್ತಿರುವವರೆಗೆ ಅವರ ಪರವಾನಗಿ ಊರ್ಜಿತದಲ್ಲಿರುವುದು."

ಮೊದಲ ತರಗತಿಗೆ ನಲವತ್ತು ಬೆಳೆಗಾರರು ನೋಟುಪುಸ್ತಕ ಹಿಡಿದು ಬಂದರು. ಮುಂದಿನ ಸಾಲಿನಲ್ಲಿ ಲೈಲ್, ಹಿಂದೆ ಗೋಡೆಗೊರಗಿ ಗಾರ್ವಿನ್.

"ಕಡ್ಡಿಗೆ ನೀರು ಬೆಳಿಗ್ಗೆ ಕೊಡ್ಬೇಕೋ ಸಂಜೆಯೋ?" ಲೈಲ್ ಕೇಳಿದ.

ವೆರ್ನಾಳಿಗೆ ನಗು ಉಕ್ಕಿತು. ಎದುರಿನ ನಲವತ್ತು ಮುಖಗಳನ್ನು ನೋಡಿದಳು, ಒಬ್ಬರೂ ನಗುತ್ತಿರಲಿಲ್ಲ. ಗಾರ್ವಿನ್ ಪೆನ್ನಿನ ಮುಚ್ಚಳ ತೆಗೆದ.

"ಬೆಳಿಗ್ಗೆ," ಎಂದಳು ವೆರ್ನಾ. "ಸಂಜೆ ಕೊಟ್ರೆ ಕಡ್ಡಿಗೆ ಶೀತ ಆಗತ್ತೆ."

ಎಲ್ಲರೂ ಬರೆದುಕೊಂಡರು.