ಮೂವತ್ತೆರಡು ಗುಣ ಕೂಡಿದ ಕವಿ

"ಗ್ರಹಗಳೇನು, ಗ್ರಹಗಳ ಅಪ್ಪನೇ ಬಂದು ಹೇಳಲಿ, ನಾನು ಹುಟ್ಟುಕವಿ!" ಎಂದು ಶಂಕರಲಿಂಗಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಗುದ್ದಿದ ರಭಸಕ್ಕೆ, ಮೇಲಿನ ಸಾಲಿನಲ್ಲಿದ್ದ ಹಿತ್ತಾಳೆ ಚೊಂಬು ಉರುಳಿ ಅವನ ತಲೆಯ ಮೇಲೇ ಬಿತ್ತು. ಮಧುಗಿರಿ ಪೇಟೆಯ ಲೆಕ್ಕದಲ್ಲಿ ಆತ ಪಾತ್ರೆ ವ್ಯಾಪಾರಿ. ತನ್ನ ಲೆಕ್ಕದಲ್ಲಿ ಮಾತ್ರ 'ಗಿರಿಸಿಡಿಲು' ಎಂಬ ಕಾವ್ಯನಾಮದ ಮಹಾಕವಿ! ಕೊಳಗ ಕೊಳ್ಳಲು ಬಂದವರಿಗೂ ಕವನ ಓದುತ್ತಿದ್ದ. ಪಾಪ, ಅವರು ಕೊಳಗವನ್ನು ಅಲ್ಲೇ ಇಟ್ಟು ಎದುರಂಗಡಿಗೆ ಹೋಗುತ್ತಿದ್ದರು.

ಹೆಂಡತಿ ಜಗದಾಂಬ ಎಷ್ಟು ದಿನ ಸಹಿಸಿಯಾಳು? ಎಪ್ಪತ್ತೆಂಟನೇ ಇಸವಿಯ ಒಂದು ಭಾನುವಾರ ಪಂಥ ಹಾಕಿಯೇಬಿಟ್ಟಳು.

"ನಮ್ಮಪ್ಪ ನಿಮ್ಮ ಜಾತಕ ನೋಡ್ಲಿ. ಕವಿತ್ವ ಐತೆ ಅಂದ್ರೆ ನಾನೇ ಕೂತ್ಕೊಂಡು ಕೇಳ್ತೀನಿ. ಇಲ್ಲ ಅಂದ್ರೆ ಆ ಹನ್ನೊಂದು ನೋಟ್‌ಬುಕ್ಕೂ ನೀರೊಲೆಗೆ!"

"ಆಗ್ಲಿ! ನಿಮ್ಮಪ್ಪ ಆದ್ರೇನು, ಬ್ರಹ್ಮ ಆದ್ರೇನು!"

ಮಾತೇನೋ ಜೋರಾಗಿತ್ತು. ಹನ್ನೊಂದು ನೋಟ್‌ಬುಕ್ಕೆಂದರೆ ಇಪ್ಪತ್ತು ವರ್ಷದ ಬರವಣಿಗೆ. ಒಂದಕ್ಕೂ ನಕಲು ಇರಲಿಲ್ಲ.

ಮಾವ ನಂದೀಶ್ವರಯ್ಯ ಕೊರಟಗೆರೆಯಲ್ಲಿ ಹೆಸರಾದ ಜ್ಯೋತಿಷಿ. ಹತ್ತು ವರ್ಷದ ಹಿಂದೆ ಸಾಲಾವಳಿ ನೋಡಿ, ಮೂವತ್ತಾರರಲ್ಲಿ ಮೂವತ್ತೆರಡು ಗುಣ ಕೂಡಿದವು ಎಂದು ಹಿಗ್ಗಿ ಮಗಳನ್ನು ಧಾರೆಯೆರೆದವರೂ ಅವರೇ. ಅವರು ಮಗಳ ಮನೆಗೆ ಬಂದಾಗ, ಅಂದು ತೋರಿಸಿದ ಚೀಟಿಯನ್ನೇ ಶಂಕರಲಿಂಗಪ್ಪ ಮತ್ತೆ ಅವರ ಮುಂದಿಟ್ಟ. ತೀರಿಹೋದ ತಂದೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಹೆಸರಿರಲಿಲ್ಲ, ಹುಟ್ಟಿದ ತಿಥಿ, ವಾರ, ಘಳಿಗೆ ಮಾತ್ರ ತಂದೆಯ ಕೈಬರಹದಲ್ಲಿತ್ತು.

"ಕವಿತ್ವ ಕಾಣ್ತಿಲ್ಲ ಅಳಿಯಂದ್ರೇ," ಎಂದರು ಮಾವ, ಕನ್ನಡಕ ಒರೆಸುತ್ತಾ. "ವಾಕ್‌ಸ್ಥಾನದಾಗೆ ಶನಿ ಕೂತವ್ನೆ. ಹೊರೆ ಹೊರೋ ಯೋಗ ಚೆನ್ನಾಗೈತೆ. ತಿಂದದ್ದನ್ನೇ ನಿಧಾನಕ್ಕೆ ಮೆಲುಕು ಹಾಕೋ ಸ್ವಭಾವ."

"ಮೆಲುಕು ಹಾಕೋದೇ ಕಾವ್ಯ ಮಾವ!"

ಜಗದಾಂಬ ಬೆಂಕಿಪೊಟ್ಟಣ ಹುಡುಕತೊಡಗಿದಳು.

"ತಡಿಯೇ! ಪ್ರಪಂಚದಾಗೆ ನಿಮ್ಮಪ್ಪಂದು ಒಂದೇ ಶಾಸ್ತ್ರ ಅಲ್ಲ!" ಎಂದವನೇ ಗಿರಿಸಿಡಿಲು ಸಿರಾ ಬಸ್ಸು ಹತ್ತಿದ.

ಸಿರಾದಲ್ಲಿ ನಕ್ಷತ್ರ ನೋಡುವ ಮುದಿ ಸಾಬರೊಬ್ಬರು ಪಾರಸಿ ಪುಸ್ತಕ ಬಿಚ್ಚಿ, ಬೆರಳು ಮಡಿಸಿ ಎಣಿಸಿದರು. "ಶಾಯರಿ ನಸೀಬಲ್ಲಿ ಇಲ್ಲ ಸ್ವಾಮಿ. ಮಿಜಾಜು ಬಹುತ್ ಥಂಡಾ. ನೀರು ಕಂಡ್ರೆ ಖುಷಿ. ರಸ್ತೇಲಿ ನಿಂತ್ರೆ, ಲಾರಿ ಹಾರನ್ ಹೊಡೆದ್ರೂ ಜರುಗೋ ಪೈಕಿ ಅಲ್ಲ."

"ಅದು ಕವಿಯ ಛಲ!" ಎಂದು ಗುಡುಗಿ ಪಾವಗಡಕ್ಕೆ ಹೋದ. ಅಲ್ಲಿನ ತೆಲುಗು ಸಿದ್ಧಾಂತಿ ಕವಡೆ ಉರುಳಿಸಿ, ಚೀಟಿ ನೋಡಿ, ಲೊಚಗುಟ್ಟಿದರು. "ಕವಿತ್ವಮಾ? ಲೇದಯ್ಯಾ! ಪಾಪಂ, ಇದು ಬಾಯಿಲ್ಲದ ಜೀವದ ಜಾತಕ."

ಬಾಯಿಲ್ಲದ ಜೀವ! ಮನೆಗೆ ಬಂದವನ ಬಾಯಲ್ಲಿ ಆ ಮಾತು ಕೇಳಿ ಜಗದಾಂಬ ನೆಲದ ಮೇಲೆ ಕೂತು ನಕ್ಕಳು. ಆಮೇಲೆ ಎದ್ದು ನೀರೊಲೆಗೆ ಕಡ್ಡಿ ಗೀರಿದಳು. ಮೂರು ಊರು, ಮೂರು ಶಾಸ್ತ್ರ, ಒಂದೇ ಮಾತು. ಇನ್ನು ಮೇಲ್ಮನವಿ ಎಲ್ಲಿಗೆ?

ಆದರೂ ಗಿರಿಸಿಡಿಲು ಬಗ್ಗಲಿಲ್ಲ. ನೋಟ್‌ಬುಕ್ಕುಗಳನ್ನು ಕಂಕುಳಲ್ಲಿ ಅವುಚಿಕೊಂಡು, ಚೀಟಿಯನ್ನು ಮೇಲೆತ್ತಿ ಹಿಡಿದು, ಬಚ್ಚಲಮನೆಯಲ್ಲೇ ಘರ್ಜಿಸಿದ: "ಎಲೈ ಮಾಘ ಶುದ್ಧ ನವಮಿಯೇ! ಎಲೈ ಬುಧವಾರವೇ! ನನ್ನನ್ನು ಭೂಮಿಗೆ ತಂದು ವಂಚಿಸಿದಿರಾ? ನಿಮ್ಮನ್ನು ಧಿಕ್ಕರಿಸುತ್ತೇನೆ!"

"ಯಾರಿಗ್ಲಾ ಬೈತಿದ್ದೀಯ?" ಹಿತ್ತಿಲ ಬಾಗಿಲಲ್ಲಿ ಅವನ ತಾಯಿ ಚನ್ನಮಲ್ಲಮ್ಮ ನಿಂತಿದ್ದಳು. ಮಿಡಿಗೇಶಿಯಿಂದ ಆಗ ತಾನೆ ಬಸ್ಸಿಳಿದು, ಅವರೆಕಾಯಿ ಚೀಲ ಹೊತ್ತು ಬಂದಿದ್ದಳು. "ಮಾಘದ ಬುಧವಾರ ನಿಂಗೇನ್ಲಾ ಮಾಡ್ತು?"

"ನಾನು ಹುಟ್ಟಿದ್ದೇ ಅವತ್ತಲ್ವೇನವ್ವಾ!"

"ನೀನಾ? ನೀನು ಹುಟ್ಟಿದ್ದು ಕಡ್ಲೇಕಾಯಿ ಕೀಳೋ ಕಾಲ್ದಾಗೆ ಕಣ್ಲಾ. ಎಲ್ರೂ ಹೊಲದಾಗಿದ್ರು, ನಿನ್ನ ಘಳಿಗೆ ಯಾರು ನೋಡ್ಕಂಡ್ರು? ಮಾಘದ ಬುಧವಾರ ಈದಿದ್ದು ನಮ್ಮೆಮ್ಮೆ. ಆವತ್ತು ಎಮ್ಮೆ ಈದ್ರೆ ಮನೆ ಯಜಮಾನಂಗೆ ಆಗಾಕಿಲ್ಲ ಅಂತಾರಲ್ಲ, ನಿಮ್ಮಪ್ಪ ಹೆದ್ರಿಕೊಂಡ್ಬುಟ್ಟು, ಶಾಂತಿ ಮಾಡ್ಸೋಕೆ ಅಯ್ನೋರನ್ನ ಕೇಳ್ಬೇಕು ಅಂತ ಚೀಟೀಲಿ ಬರ್ಕಂಡಿದ್ರು. ಕೋಣಗರ ಹುಟ್ಟಿತ್ತು."

ಮರುಗಳಿಗೆ ಶಂಕರಲಿಂಗಪ್ಪ ಕುಣಿದಾಡಿಬಿಟ್ಟ. "ಗೆದ್ದೆ! ಮೂರು ಶಾಸ್ತ್ರಾನೂ ನೋಡಿದ್ದು ಕೋಣನ್ನ! ನನ್ನ ಗ್ರಹಗಳನ್ನ ಯಾವನೂ ಮುಟ್ಟಿಲ್ಲ! ನಾನು ಜಾತಕವೇ ಇಲ್ಲದ ಸ್ವತಂತ್ರ ಕವಿ! ಆರಿಸೇ ಒಲೇನ!"

ಜಗದಾಂಬ ಒಲೆ ಆರಿಸಲಿಲ್ಲ. ಗಲ್ಲಕ್ಕೆ ಕೈಯಿಟ್ಟುಕೊಂಡು ಏನೋ ಯೋಚಿಸುತ್ತಿದ್ದಳು.

"ಅತ್ತೆ, ನಮ್ಮಪ್ಪ ಮದ್ವೆಗೆ ಸಾಲಾವಳಿ ನೋಡಿದ್ದೂ ಇದೇ ಚೀಟಿ ಅಲ್ವಾ?"

"ಅಂಗೇ ಇರ್ಬೇಕು ಕಣಮ್ಮ. ನಂಗೆ ಓದಾಕೆ ಬತ್ತದಾ?"

"ಅಂದ್ರೆ ಮೂವತ್ತೆರಡು ಗುಣ ಕೂಡಿದ್ದು ಆ ಕೋಣನ ಜೊತೆ." ಅವಳು ಗಂಡನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. "ಅದು ಹೆಂಗಿತ್ತು ಅತ್ತೆ?"

"ಅಯ್ಯೋ, ಅಂಥದ್ದು ಮತ್ತೆ ಹುಟ್ಟಲ್ಲ ಕಣಮ್ಮ! ಹಾಕಿದ್ದು ತಿಂತಿತ್ತು, ಹೇಳಿದ್ ಕಡೆ ಹೋಗ್ತಿತ್ತು. ಸಾಯೋಗಂಟ ಒಂದು ದಿನ ಬಾಯಿ ಬಿಡ್ನಿಲ್ಲ."

ಜಗದಾಂಬ ನಿಟ್ಟುಸಿರು ಬಿಟ್ಟು, ಗಂಡನ ಕಂಕುಳಿಂದ ಒಂದನೇ ನೋಟ್‌ಬುಕ್ಕನ್ನು ಮೆಲ್ಲಗೆ ಎಳೆದುಕೊಂಡಳು.

"ನೋಡಿದ್ರಾ! ನಮ್ಮಪ್ಪ ನಂಗೆ ಗೊತ್ತು ಮಾಡಿದ್ದು ಚಿನ್ನದಂಥ ಗಂಡನ್ನೇ!"