ಗಂಜಿ ಹಚ್ಚಿದ ತಟ್ಟೆ

ಬೆಟಗೇರಿಯ ನೇಕಾರರ ಮನೆಯ ಸುನಿಲಕುಮಾರನ ಕಷ್ಟ ಶುರುವಾದದ್ದು ಒಂದು ಚಮಚ ಪುಡಿಯಿಂದ. ಕಾಲೇಜಿನ ಪ್ರಯೋಗಾಲಯದಲ್ಲಿ ಅವನದು ಗುತ್ತಿಗೆ ನೌಕರಿ. ಅಲ್ಲಿಯ ಮುಖ್ಯಸ್ಥೆ ಕಾಂಚನಾ ಮೇಡಂ ಮೊಟ್ಟೆಯೊಳಗಿನ ಕೋಳಿ ಭ್ರೂಣದ ಹೃದಯವನ್ನು ಬಿಡಿ ಬಿಡಿ ಕೋಶಗಳಾಗಿ ಮಾಡಿ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಅವು ತಳಕ್ಕೆ ಅಂಟಿಕೊಳ್ಳಲೆಂದು ಮೊದಲೇ ಜೆಲಟಿನ್ ಪುಡಿ ಕಲಸಿ ಬಳಿದಿಡುವುದು ಸುನಿಲನ ಕೆಲಸ. ಅದು ದನದ ಚರ್ಮ, ಎಲುಬು ಕುದಿಸಿ ತೆಗೆದದ್ದೆಂದು ತಿಳಿದ ದಿನದಿಂದ ಅವನಿಗೆ ಅದನ್ನು ಮುಟ್ಟಲು ಕೈಯೇ ಬಾರದು. ಅವ್ವ ಬನಶಂಕರೆವ್ವನಿಗೆ ಗೊತ್ತಾಗಿದ್ದರೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಹಾಗಾಗಿ ಸೋಮವಾರ ಅವನು ಮಗ್ಗದ ನೂಲಿಗೆ ಹಚ್ಚುವ ಗಂಜಿಯನ್ನೇ ಮನೆಯಿಂದ ತಂದು, ಉಗಿಯಲ್ಲಿ ಚೆನ್ನಾಗಿ ಬೇಯಿಸಿ, ತಟ್ಟೆಗೆ ಬಳಿದುಬಿಟ್ಟ. ಇದು ಗೊತ್ತಿಲ್ಲದೆ ಮೇಡಂ ಅದರ ಮೇಲೆಯೇ ಕೋಶಗಳನ್ನು ಹಾಕಿದರು.

ಗುರುವಾರ ಬೆಳಿಗ್ಗೆ ನೋಡಿದರೆ ತಳ ಬೋಳು. ಮಧ್ಯಾಹ್ನ ಪರಿಶೀಲನೆಗೆ ಸಮಿತಿ ಬರುವುದಿತ್ತು. ತೋರಿಸಲು ಏನೂ ಇಲ್ಲದಿದ್ದರೆ ಅವನ ನೌಕರಿ ಅಲ್ಲಿಗೆ ಮುಗಿಯಿತು.

ಕಸ ಗುಡಿಸುತ್ತಿದ್ದ ಹನಮವ್ವ ಹೆಗಲ ಮೇಲಿಂದ ಇಣುಕಿದಳು. "ನಡುವ ಏನೋ ಸಾಸಿವಿಕಾಳಿನಂಗ ತೇಲಾಕತ್ತೈತಲ್ಲ ತಮ್ಮಾ."

"ಗಂಜಿ ಗಂಟು ಇದ್ದೀತು. ನೀ ನಿನ್ನ ಕೆಲಸ ನೋಡಕ್ಕಾ."

ಆದರೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಅಂಟಲು ನೆಲ ಸಿಗದ ಕೋಶಗಳು ಒಂದನ್ನೊಂದು ಹುಡುಕಿ, ಹಿಡಿದುಕೊಂಡು, ಉಂಡೆಯಾಗಿದ್ದವು. ಉಂಡೆ ಬಡಿಯುತ್ತಿತ್ತು. ಹೆದರಿ ಅವನ ಎದೆ ಹೊಡೆದುಕೊಂಡಿತು, ಉಂಡೆಯ ಬಡಿತವೂ ಜೋರಾಯಿತು. ಉಸಿರು ಬಿಗಿಹಿಡಿದ. ಅದು ನಿಧಾನವಾಯಿತು.

"ಹನಮಕ್ಕಾ, ನನ್ನ ನಾಡಿ ಹಿಡಿ. ಈ ಉಂಡಿ ಬಡಿದಂಗ ನಾ ಮೇಜು ಕುಟ್ತೀನಿ."

ಹನಮವ್ವ ಅವನ ಮಣಿಕಟ್ಟು ಹಿಡಿದು, ಬೆರಳಿನ ಸಪ್ಪಳಕ್ಕೆ ಕಿವಿಗೊಟ್ಟಳು. "ಎರಡೂ ಒಂದ ಐತಲ್ಲೋ. ಹುಟ್ಟದ ಇದ್ದದ್ದು ನಿನ್ನ ಗುರ್ತು ಹಿಡದೈತಿ."

ಮಧ್ಯಾಹ್ನ ಸಮಿತಿಯವರು ಒಬ್ಬೊಬ್ಬರಾಗಿ ಇಣುಕಿ ಬೆರಗಾದರು. ಅವರನ್ನು ಕಳಿಸಿ ಬಂದ ಮೇಡಂ ಅವನ ಬೆನ್ನು ತಟ್ಟಿದರು.

"ಗಂಜಿ ಕತಿ ಹನಮವ್ವ ಹೇಳಿದ್ಲು. ಭಾಳ ಚಲೋ ಆತು. ನಿನ್ನ ನೌಕರಿ ಇನ್ನ ಮೂರು ವರ್ಷ ಗಟ್ಟಿ."

ಸುನಿಲ ಬದುಕಿದೆನಪ್ಪಾ ಎಂದುಕೊಂಡ.

"ಈಗ ಅದಕ್ಕ ಬ್ಲೀಚ್ ಹಾಕಿ, ಕೋಶ ಸತ್ತ ಮ್ಯಾಲೆ ಚೆಲ್ಲಿಬಿಡು. ನಾಳೆ ಹೊಸಾದು ಮಾಡೂಣು. ಇನ್ನ ಮ್ಯಾಲೆ ಹಾಕೂದು, ಚೆಲ್ಲೂದು ಎಲ್ಲಾ ನಿನ್ನ ಕೈಲೇನ ಆಗಬೇಕು," ಎಂದು ಮೇಡಂ ಹೊರಟುಹೋದರು.

ಸತ್ತ ದನದ ಎಲುಬಿನ ಪುಡಿ ಮುಟ್ಟಲೊಲ್ಲದೆ ಇಷ್ಟೆಲ್ಲ ಮಾಡಿದವನು ಬ್ಲೀಚ್ ಬಾಟಲಿ ಹಿಡಿದು ನಿಂತ. ಮುಚ್ಚಳ ತಿರುಗಿಸಿದ. ಎದೆ ಜೋರಾಗಿ ಬಡಿಯತೊಡಗಿತು. ತಟ್ಟೆಯನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ.

ಹನಮವ್ವ ಮೂಲೆಯಲ್ಲಿದ್ದ ಸ್ಟೂಲು ತಂದು ಅವನ ಹಿಂದೆ ಇಟ್ಟಳು.

"ಕುಂತು ಹಾಕು ತಮ್ಮಾ," ಎಂದಳು. "ನಿಂತು ಹಾಕಿದ್ರ ಬಿದ್ದೀ."