ಕದದ ಹಿಂದಿನ ದೆವ್ವಕ್ಕೆ ಬಿಳಿ ಸೀರೆ

ಪುಸ್ತಕದಲ್ಲಿ ಜೀವ ಹಿಂಡುವ ದೆವ್ವ ಟೀವಿಯಲ್ಲಿ ಬಂದಾಗ ಯಾಕೆ ನಗು ತರಿಸುತ್ತದೆ ಎಂಬ ವಿಷಯದಲ್ಲಿ ಇಡೀ ಹುಣಸೂರು ತಾಲ್ಲೂಕಿನಲ್ಲಿ ನನ್ನಷ್ಟು ತಲೆ ಕೆಡಿಸಿಕೊಂಡವರು ಇನ್ನೊಬ್ಬರಿಲ್ಲ. (ಕೆಡಿಸಿಕೊಳ್ಳೋಕೆ ಮೊದಲು ತಲೆ ಇರಬೇಕಲ್ಲ ಎನ್ನುತ್ತಾಳೆ ನನ್ನ ಹೆಂಡತಿ ನೀಲಾಂಬಿಕೆ. ಅವಳ ಮಾತುಗಳನ್ನೆಲ್ಲ ಹೀಗೆ ಆವರಣದೊಳಗೇ ಕೂಡಿಹಾಕಬೇಕೆಂದು ನನ್ನ ಆಸೆ. ಅವಳು ಅಲ್ಲಿ ನಿಲ್ಲುವ ಹೆಂಗಸಲ್ಲ.)

ನೀವೇ ಹೇಳಿ ಸ್ವಾಮಿ. ಒಳ್ಳೆಯ ಭೂತದ ಕಾದಂಬರಿಯಲ್ಲಿ ಒಂದು ಬಾಗಿಲು ತೆರೆಯುವುದಕ್ಕೆ ಅರ್ಧ ಪುಟ ಹಿಡಿಯುತ್ತದೆ. ಆ ಅರ್ಧ ಪುಟದಲ್ಲಿ ಬಾಗಿಲ ಹಿಂದೆ ಏನಿರಬಹುದೆಂದು ನಾವೇ ಊಹಿಸಿ, ನಾವೇ ಬೆವರಿ, ನಾವೇ ಎದ್ದು ದೀಪ ಹಾಕಿ ಬರುತ್ತೇವೆ. ಅದನ್ನೇ ಸಿನಿಮಾದವರ ಕೈಗೆ ಕೊಡಿ. ದೆವ್ವ ಇನ್ನೂ ಮನೆಯಿಂದ ಹೊರಟಿರುವುದಿಲ್ಲ, ಅಷ್ಟರಲ್ಲೇ ಪಿಟೀಲು ಕುಂಯ್ ಎಂದು ಊರಿಗೆಲ್ಲ ಡಂಗುರ ಹೊಡೆಯುತ್ತದೆ. ಆಮೇಲೆ ಬಿಳಿ ಸೀರೆ, ಕಾಲ್ಗೆಜ್ಜೆ, ಶಾಂಪೂ ಹಾಕಿ ಒಣಗಿಸಿದ ಕೂದಲು. ಧಾರಾವಾಹಿಯಾದರೆ ಇನ್ನೂ ಅಧ್ವಾನ. ನಾಯಕಿ ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಸಲ ಸೋಪಿನ ಜಾಹೀರಾತು ಬರುತ್ತದೆ.

"ಪುಸ್ತಕದಲ್ಲಿ ಹೀಗಿರಲಿಲ್ಲ!" ಎಂದು ನಾನು ಟೀವಿಯ ಮುಂದೆ ಕೂಗುತ್ತೇನೆ.

"ಅಪ್ಪಾ, ಸುಮ್ನಿರಿ. ದೆವ್ವ ಏನಂತು ಅಂತಾನೇ ಕೇಳಿಸ್ಲಿಲ್ಲ" ಎನ್ನುತ್ತಾಳೆ ಮಗಳು ಶಿವಾನಿ.

ಇಂಥ ನಾನು, ಅಂದರೆ ಬೀಜ-ಗೊಬ್ಬರದ ವ್ಯಾಪಾರಿ ಮಹದೇವಪ್ರಸಾದ್, ಯೂರಿಯಾ ಮೂಟೆಗೆ ಒರಗಿ ಕಂಡವರ ದೆವ್ವಗಳನ್ನು ಓದಿ ಓದಿ, ಕೊನೆಗೆ ಸ್ವಂತಕ್ಕೊಂದು ದೆವ್ವವನ್ನು ಸೃಷ್ಟಿಸಿದೆ. ಕಾದಂಬರಿಯ ಹೆಸರು 'ಕದದ ಸಂದಿಯವಳು'. ಮೈಸೂರಿನ ಪ್ರಕಾಶಕರೊಬ್ಬರು ಅಚ್ಚು ಹಾಕಿದರು. ನನ್ನ ಮನೆಯಲ್ಲಿ ಮಾತ್ರ ಒಬ್ಬರೂ ಅದನ್ನು ಓದಲಿಲ್ಲ. ನೀಲಾಂಬಿಕೆ "ದೀಪ ಹಚ್ಚೋ ಮನೇಲಿ ದೆವ್ವದ ಪುಸ್ತಕ ಬಿಚ್ಚಲ್ಲ" ಎಂದಳು. ಶಿವಾನಿ ಮುಖಪುಟದ ಫೋಟೊ ತೆಗೆದು ಸ್ಟೇಟಸ್ ಹಾಕಿ ಕೈತೊಳೆದುಕೊಂಡಳು. ಲೇಖಕನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ ಎಂದು ನೀವು ಮರುಗಬಹುದು. ಮರುಗಬೇಡಿ. ನಾನು ಒಳಗೊಳಗೇ ದೇವರಿಗೆ ಕಾಯಿ ಒಡೆದಿದ್ದೆ.

ಕಾರಣವನ್ನು ನಿಮಗೆ ಹೇಳುತ್ತೇನೆ, ನೀಲಾಂಬಿಕೆಯ ಕಿವಿಗೆ ಹಾಕಬೇಡಿ. ಅವಳ ತವರು ಎಚ್.ಡಿ. ಕೋಟೆಯಿಂದಾಚೆ ಕೇರಳದ ಗಡಿಯ ಕಡೆಗಿರುವ ಎನ್. ಬೇಗೂರು. ಅಲ್ಲಿನ ಹಳೆಯ ಮನೆತನಗಳ ಪದ್ಧತಿಯಂತೆ ಅತ್ತೆಯಾದವಳು ಅಳಿಯನೆದುರು ನಿಲ್ಲುವುದಿಲ್ಲ, ಅವನೊಂದಿಗೆ ನೇರ ಮಾತಾಡುವುದಿಲ್ಲ. ನನ್ನ ಅತ್ತೆ ಸಿದ್ದಲಿಂಗಮ್ಮನವರು ಈ ಪದ್ಧತಿಯನ್ನು ವ್ರತದಂತೆ ಪಾಲಿಸಿದವರು. ನಾನು ಊಟಕ್ಕೆ ಕೂತರೆ ಅವರು ಅಡುಗೆಮನೆಯ ಕದದ ಹಿಂದೆ. ಮೊದಲು ಕೆಮ್ಮು. ಆಮೇಲೆ ಬಳೆಯ ಸದ್ದು. ಆಮೇಲೆ ಕದದ ಅಂಚಿನಲ್ಲಿ ನಾಲ್ಕು ಬೆರಳು. ಆಮೇಲೆ ಮಾತು, ಅದೂ ನನಗಲ್ಲ, ಅಲ್ಲೇ ಮಲಗಿದ ಬೆಕ್ಕಿಗೆ: "ಬೆಕ್ಕೇ, ಅಳಿಯಂದ್ರು ಎಲ್ಡೇ ಮುದ್ದೆಗೆ ಕೈ ತೊಳ್ಯೋಕೆ ಹೊಂಟವ್ರೆ. ನಮ್ಮನೆ ಸಾರು ರುಚಿ ಇಲ್ವಂತಾ ಕೇಳು."

ಮದುವೆಯಾದಂದಿನಿಂದ ನಾನು ಆ ಬೆರಳುಗಳನ್ನೇ ನೋಡುತ್ತಾ ಮೂರನೆಯ ಮುದ್ದೆ ನುಂಗಿದ್ದೇನೆ. ಅದೇ ನನ್ನ ಕಾದಂಬರಿ! ಹಾಳು ಮನೆಯೊಂದರ ಕದದ ಹಿಂದೆ ಒಬ್ಬ ಮುದುಕಿ ದೆವ್ವ. ಕೆಮ್ಮುತ್ತದೆ, ಬೆಕ್ಕಿನೊಡನೆ ಮಾತಾಡುತ್ತದೆ, ಬಂದ ಅಳಿಯಂದಿರಿಗೆ ಉಣಿಸಿ ಉಣಿಸಿಯೇ ಕೊಲ್ಲುತ್ತದೆ. ಕೊನೆಯ ಅಳಿಯ ಮಾತ್ರ ಮಹಾ ಧೀರ. ಮೂರನೆಯ ಮುದ್ದೆಯನ್ನು ಧಿಕ್ಕರಿಸಿ, ಎದ್ದು, ಕದವನ್ನು ಒದ್ದು ತೆರೆಯುತ್ತಾನೆ. (ಇವನನ್ನು ಯಾರ ಮಾದರಿಯಲ್ಲಿ ಬರೆದೆನೆಂದು ವಿನಯದಿಂದ ಹೇಳುವುದಿಲ್ಲ.)

ಹೀಗೆ ನನ್ನ ದೆವ್ವ ಯಾರಿಗೂ ಗೊತ್ತಾಗದೆ ಪುಸ್ತಕದಲ್ಲಿ ಹಾಯಾಗಿದ್ದಾಗ ಬೆಂಗಳೂರಿನಿಂದ ವಸಂತ್ ಎಂಬ ನಿರ್ದೇಶಕರು ಬಂದರು. ಯಾವುದೋ ಚಾನೆಲ್ಲಿಗೆ ಶನಿವಾರ-ಭಾನುವಾರದ ಧಾರಾವಾಹಿ ಮಾಡುತ್ತಾರಂತೆ. ನನ್ನ ಕಾಲು ನೆಲದ ಮೇಲಿರಲಿಲ್ಲ.

"ಸಾರ್, ನಿಮ್ಮ ಪುಸ್ತಕದ ಒಂದಕ್ಷರ ಕೂಡ ಬದಲಾಯಿಸಲ್ಲ. ಕೇಳಿ ಈ ಸಾಲು" ಎಂದು ಅವರು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದರು. ಕೆಮ್ಮು, ಬಳೆ, ಬೆರಳು.

ಕಾಫಿ ತಂದ ನೀಲಾಂಬಿಕೆ ಅಲ್ಲೇ ನಿಂತಳು. "ಈ ಕೆಮ್ಮು ಎಲ್ಲೋ ಕೇಳಿದಂಗಿದೆಯಲ್ರೀ?"

"ಕೆಮ್ಮು ಎಲ್ಲರಿಗೂ ಬರುತ್ತೆ ಕಣೇ. ಕಾಫಿ ಕೊಡು" ಎಂದೆ. ಬೆಕ್ಕಿನ ಸಾಲು ಬರುವ ಮೊದಲೇ ವಸಂತ್ ಅವರ ಕೈಯಿಂದ ಪುಸ್ತಕ ಕಿತ್ತು, "ಬನ್ನಿ, ಅಂಗಡಿ ತೋರಿಸ್ತೀನಿ" ಎಂದು ಎಳೆದುಕೊಂಡು ಹೋದೆ. ಗೊಬ್ಬರದ ಅಂಗಡಿಯಲ್ಲಿ ನೋಡುವಂಥದ್ದೇನಿದೆ ಎಂದು ಆ ಮನುಷ್ಯ ದಾರಿಯುದ್ದಕ್ಕೂ ನನ್ನನ್ನೇ ಅನುಮಾನದಿಂದ ನೋಡಿದರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಪುಸ್ತಕವನ್ನು ಯಾರೂ ಓದುವುದಿಲ್ಲ, ಸರಿ. ಟೀವಿಯನ್ನು ಎಮ್ಮೆ ಕೂಡ ನೋಡುತ್ತದೆ! ಅತ್ತೆಗೆ ಗೊತ್ತಾದರೆ? ಹೆತ್ತ ತಾಯಿಯನ್ನು ದೆವ್ವ ಮಾಡಿದ ಗಂಡನನ್ನು ನೀಲಾಂಬಿಕೆ ಮನೆಯೊಳಗೆ ಸೇರಿಸುತ್ತಾಳೆಯೇ? ಜಗತ್ತಿನ ಕಾದಂಬರಿಕಾರರೆಲ್ಲ ತಮ್ಮ ಕಥೆ ಕೆಡದಿರಲಿ ಎಂದು ಹರಕೆ ಹೊರುತ್ತಾರೆ. ನಾನು ನನ್ನದು ಕೆಡಲಿ ಎಂದು ಹೊತ್ತೆ. ಹರಕೆಯೊಂದನ್ನೇ ನಂಬಿ ಕೂರದೆ ಫೋನಿಗೂ ಕೈ ಹಾಕಿದೆ. ಹಿತ್ತಿಲಿನ ಸೀಬೆ ಗಿಡದ ಕೆಳಗೆ ನಿಂತು ಪಿಸುಗುಟ್ಟಿದೆ: "ವಸಂತ್, ಅವಳನ್ನು ಬಿಟ್ಟುಬಿಡೋಣ. ಅವಳ ಗುರುತು ಯಾರಿಗೂ ಸಿಗಬಾರದು. ನನ್ನ ಸಂಸಾರ ಹಾಳಾಗುತ್ತೆ."

ತಿರುಗಿ ನೋಡಿದರೆ ನೀಲಾಂಬಿಕೆ, ಕೈಯಲ್ಲಿ ಒದ್ದೆ ಬಟ್ಟೆ.

"ಯಾರ್ರೀ ಅವಳು?"

"ದೆವ್ವ ಕಣೇ."

"ಬಿಟ್ಟ ಮೇಲೆ ಗಂಡಸರೆಲ್ಲ ಅಂಗೇ ಅನ್ನೋದು. ಊರು ಯಾವುದು ಹೇಳಿ. ಪಿರಿಯಾಪಟ್ಟಣನಾ, ಕೆ.ಆರ್. ನಗರನಾ?"

ದೆವ್ವಕ್ಕೆ ಊರಿಲ್ಲ ಎಂದು ಬಸವಣ್ಣನಾಣೆ ಮಾಡಿದೆ. ಅವಳು ನಂಬಲಿಲ್ಲ. ಅಂದಿನಿಂದ ನನ್ನ ಅಂಗಿಗಳನ್ನು ಒಗೆಯುವ ಮುಂಚೆ ಮೂಸಿ ನೋಡುತ್ತಿದ್ದಳು. ಡಿ.ಎ.ಪಿ. ಗೊಬ್ಬರದ ವಾಸನೆಯನ್ನು ಯಾವ ಸೆಂಟೆಂದು ತಿಳಿದಳೋ, ಮೂರು ದಿನ ನನ್ನೊಡನೆ ಮಾತು ಬಿಟ್ಟಳು.

ಕೊನೆಗೆ ನಾನೇ ಮೈಸೂರಿಗೆ ಹೋಗಿ, ಅಲ್ಲಿ ಶೂಟಿಂಗಿನಲ್ಲಿದ್ದ ವಸಂತ್ ಅವರ ಕೈ ಹಿಡಿದುಕೊಂಡೆ. "ಆ ಮುದುಕಿ ಬೇಡ. ಮುದುಕಿಯನ್ನು ಯಾರು ನೋಡ್ತಾರೆ? ಬಿಳಿ ಸೀರೆಯ ಹುಡುಗಿಯನ್ನು ಹಾಕಿ. ಕಾಲಿಗೆ ಗೆಜ್ಜೆ ಕಟ್ಟಿ. ಪಿಟೀಲು ಬೇಕಾದಷ್ಟು ಬಾರಿಸಿ."

ಈ ಮಾತುಗಳು ನನ್ನ ಬಾಯಿಂದಲೇ ಬಂದವು. ನಾಲಿಗೆ ಸೇದಿಹೋಗಲಿಲ್ಲ.

ವಸಂತ್ ಕನ್ನಡಕ ತೆಗೆದು ಒರೆಸಿಕೊಂಡರು. "ಸಾರ್, ತಪ್ಪು ತಿಳೀಬೇಡಿ. ಬೇರೆ ಲೇಖಕರು ಒಂದು ಮಾತು ತೆಗೆದರೆ ಕೋರ್ಟಿಗೆ ಹೋಗ್ತೀನಿ ಅಂತಾರೆ. ನೀವು ದೆವ್ವವನ್ನೇ ತೆಗೀರಿ ಅಂತೀರಿ. ಈ ಕಾದಂಬರಿ ನೀವೇ ಬರೆದದ್ದು ತಾನೆ?"

ಕಳ್ಳ ಎನ್ನಿಸಿಕೊಂಡರೂ ಚಿಂತೆಯಿಲ್ಲವೆಂದು ಹಲ್ಲು ಕಿರಿದೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನೆಮ್ಮದಿಯಿಂದ ಗೊರಕೆ ಹೊಡೆದೆ.

ಧಾರಾವಾಹಿ ಶುರುವಾಗುವ ವಾರ ನೀಲಾಂಬಿಕೆಯ ತಮ್ಮ ಕಿರಣ್‌ಕುಮಾರ್ ಫೋನ್ ಮಾಡಿದ. "ಭಾವ, ಮೊದಲ್ನೇ ದಿನ ನಮ್ಮನೇಲೇ ನೋಡ್ಬೇಕಂತೆ. ಅವ್ವ ಹಟ ಹಿಡ್ದೈತೆ. ಎಲ್ಲಾ ಬನ್ನಿ."

ಭಯವೇನು? ದೆವ್ವದ ವಯಸ್ಸೇ ಬದಲಾಗಿದೆಯಲ್ಲ! ಶನಿವಾರ ಮಧ್ಯಾಹ್ನವೇ ಮೂವರೂ ಎನ್. ಬೇಗೂರು ಸೇರಿದೆವು. ಹೋಗಿ ನೋಡಿದರೆ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಬೀದಿಯ ಹೆಂಗಸರೆಲ್ಲ ಬಂದು ಕೂತಿದ್ದಾರೆ, ಎಲ್ಲರ ಬಾಯಲ್ಲೂ ಎಲೆಯಡಿಕೆ. ನನಗೆ ಎಲ್ಲರ ಮುಂದೆ ಕುರ್ಚಿ. ಅಡುಗೆಮನೆಯ ಕದದ ಅಂಚಿನಲ್ಲಿ ಎಂದಿನಂತೆ ನಾಲ್ಕು ಬೆರಳು. ಒಳಗಿನಿಂದ ಹೊಸ ಸೀರೆಯ ಸರಬರ ಸದ್ದು ಬಂತು. ಟೀವಿ ನೋಡುವುದಕ್ಕೆ ಅತ್ತೆ ಹೊಸ ಸೀರೆ ಯಾಕೆ ಉಟ್ಟರೋ ಎಂದು ಒಂದು ಅನುಮಾನ ಬಂದು ಹೋಯಿತು.

ಸಾಯಂಕಾಲ ಆರಕ್ಕೆ ಶುರುವಾಯಿತು. ಪಿಟೀಲು ಕುಂಯ್ ಎಂದಿತು. ಗೆಜ್ಜೆ ಘಲ್ ಎಂದಿತು. ಬಿಳಿ ಸೀರೆಯ ಹುಡುಗಿ ಕದದ ಹಿಂದಿನಿಂದ ಬಂದು ಕಣ್ಣು ಹೊಡೆದಳು. ನಾನು ಕುರ್ಚಿಗೆ ಒರಗಿ ಕಾಲು ಚಾಚಿದೆ.

ಎದುರುಮನೆಯ ಸೋಮಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗಿದರು. "ಏನವ್ವ ಸಿದ್ದಲಿಂಗಿ, ಟೀವೀಲಿ ನೀನೇ ಬತ್ತೀಯ ಅಂದಿದ್ದೆ? ಇವಳ್ಯಾವಳೋ ಬಂದವ್ಳೆ?"

ಕೋಣೆಯಲ್ಲಿ ಕಿಸಕ್ಕೆಂದು ಒಂದು ನಗು ಕೇಳಿತು. ನಾನು ಚಾಚಿದ ಕಾಲನ್ನು ಎಳೆದುಕೊಂಡೆ.

ಕದ ಕಿರ್ ಎಂದಿತು. ಕೆಮ್ಮಿಲ್ಲ, ಬಳೆ ಸದ್ದಿಲ್ಲ. ಸಿದ್ದಲಿಂಗಮ್ಮನವರು ಹೊಸ ಇಳಕಲ್ ಸೀರೆಯುಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು, ಇಡೀ ಬೀದಿಯ ಮುಂದೆ ನಡೆದು ಬಂದು ನನ್ನ ಕುರ್ಚಿಯ ಎದುರಿಗೇ ನಿಂತರು. ಮದುವೆಯ ದಿನವೂ ಸೆರಗಿನ ಮರೆಯಲ್ಲಿದ್ದ ಆ ಮುಖವನ್ನು ನಾನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

"ನಾನೆಲ್ಲಿ?" ಎಂದರು, ನನಗೇ, ನೇರವಾಗಿ.

"ಏ... ಏನು ಅತ್ತೆ?"

"ಪುಸ್ತಕದಾಗಿದ್ನಲ್ಲ, ನಾನೆಲ್ಲಿ? ಕಿರಣ ದಿನಾ ಸಂಜೆ ಓದಿ ಹೇಳ್ದ ಕಣ್ರೀ. ಕೆಮ್ಮು ನಂದು, ಬಳೆ ನಂದು, ಬೆಕ್ಕೂ ನಮ್ದೇಯ. ಅಳಿಯಂದ್ರು ನನ್ ಮ್ಯಾಲೆ ಒಂದು ಪುಸ್ತಕನೇ ಬರ್ದವ್ರೆ ಅಂತ ಊರಿಗೆಲ್ಲ ಹೇಳ್ಕಂಡು ಬಂದೆ." ಅವರು ಅಡುಗೆಮನೆಯ ಕದದ ಕಡೆ ಕೈ ತೋರಿಸಿದರು. "ಹುಟ್ಟಿದಾಗ್ಲಿಂದ ಕದದ ಹಿಂದ್ಲೇ ನಿಂತಿವ್ನಿ. ದೆವ್ವ ಆದ್ರೂ ಸರಿ, ಟೀವಿ ಒಳಗಾದ್ರೂ ಒಂದ್ಸಲ ಮುಂದಕ್ಕೆ ಬತ್ತೀನಿ ಅಂತ ಆಸೆ ಮಡಿಕಂಡಿದ್ದೆ."

ನನಗೆ ನಿಜಕ್ಕೂ ಸಂಕಟವಾಯಿತು. ಎದ್ದು ಕಾಲಿಗೆ ಬಿದ್ದು ನಿಜ ಹೇಳಿಬಿಡಬೇಕಿತ್ತು. ಆದರೆ ನಾನು ಕಾದಂಬರಿಯ ಅಳಿಯನಲ್ಲ. ಜೀವಮಾನವಿಡೀ ಸಾಧಿಸಿದ ವಾದ ನಾಲಿಗೆಯ ತುದಿಯಲ್ಲೇ ಇತ್ತು.

"ಎಲ್ಲ ಆ ಡೈರೆಕ್ಟರ್ ಕೆಲಸ ಅತ್ತೆ! ಟೀವಿಯವರ ಹಣೆಬರಹವೇ ಇಷ್ಟು. ಒಂದಕ್ಷರ ಮುಟ್ಟಬೇಡ ಅಂತ ಬಡ್ಕೊಂಡೆ, ಕೇಳ್ಲಿಲ್ಲ."

"ನಿಜ ಕಣವ್ವ. ಪುಸ್ತಕದಲ್ಲಿ ಹೀಗಿರಲಿಲ್ಲ ಅಂತ ಇವರು ಯಾವಾಗ್ಲೂ ಬಡ್ಕೋತಾನೇ ಇರ್ತಾರೆ" ಎಂದಳು ನೀಲಾಂಬಿಕೆ. ಮದುವೆಯಾದ ಮೇಲೆ ಅವಳು ನನ್ನ ಪರ ವಹಿಸಿದ್ದು ಅದೊಂದೇ ಸಲ.

"ಅಂಗಾ? ಅವನ್ಗೆ ಫೋನ್ ಹಚ್ಚಿ" ಎಂದರು ಅತ್ತೆ.

"ಇಲ್ಲಿ ನೆಟ್‌ವರ್ಕ್ ಸಿಗಲ್ಲ" ಎಂದೆ.

"ನಾಲ್ಕು ಕಡ್ಡಿ ಇದೆ ಅಪ್ಪ" ಎಂದು ಶಿವಾನಿ ನನ್ನ ಜೇಬಿನಿಂದಲೇ ಫೋನ್ ತೆಗೆದು, ಸ್ಪೀಕರ್ ಹಾಕಿ, ಅಜ್ಜಿಯ ಕೈಗಿಟ್ಟಳು.

ಅತ್ತೆ ಮೊದಲು ಕೆಮ್ಮಿದರು. "ಏನಪ್ಪಾ ಡೈರೆಕ್ಟ್ರೇ, ನಾನು ಪುಸ್ತಕದ ದೆವ್ವ ಮಾತಾಡ್ತಿರದು. ನನ್ನ ಯಾಕೆ ತೆಗೆದ್ರಿ?"

ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ವಸಂತ್ ಅವರ ದನಿ ಕೇಳಿಸಿತು: "ಅಯ್ಯೋ ಅಮ್ಮಾ, ಇದೇ ಕೆಮ್ಮು! ಇದೇ ದನಿ! ನಾನೆಲ್ಲಿ ತೆಗೆದೆ? ಮುದುಕಿಯನ್ನು ಯಾರು ನೋಡ್ತಾರೆ, ಹುಡುಗಿ ಹಾಕಿ, ಗೆಜ್ಜೆ ಕಟ್ಟಿ ಅಂತ ಮಹದೇವಪ್ರಸಾದ್ ಸಾರೇ ಮೈಸೂರಿಗೆ ಬಂದು ಕೈ ಹಿಡ್ಕೊಂಡ್ರು."

ಸೋಮಮ್ಮ "ಶಿವನೇ" ಎಂದರು. ನೀಲಾಂಬಿಕೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ಸೀಬೆ ಗಿಡದ ಕೆಳಗಿನ ಪಿಸುಮಾತುಗಳೆಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಬಗೆಹರಿಯುತ್ತಿದ್ದವು.

ಅತ್ತೆ ಮಾತ್ರ ನನ್ನ ಮೇಲಿಟ್ಟ ಕಣ್ಣನ್ನು ಕದಲಿಸದೆ ಫೋನಿಗೆ ಹೇಳಿದರು. "ಈಗ ನನ್ನ ಹಾಕ್ಕಳ್ತೀಯೇನಪ್ಪ?"

"ನಾಳಿದ್ದೇ ಕ್ಯಾಮೆರಾ ತರ್ತೀನಮ್ಮ. ಆ ಹುಡುಗಿಯೊಳಗೆ ನಿಮ್ಮ ಆತ್ಮ ಸೇರ್ಕೊಂಡಿದೆ ಅಂತ ಮಾಡ್ತೀನಿ. ಮುಂದಿನ ವಾರದಿಂದ ನೀವೇ."

"ಆಗ್ಲಿ. ಕತೇಲಿ ಒಬ್ಬ ಅಳಿಯ ಅವ್ನಲ್ಲ, ಕದ ಒದ್ದು ದೆವ್ವನ ಓಡಿಸೋನು, ಅವನು ಮೊದ್ಲು ಸಾಯ್ಲಿ."

"ಅಮ್ಮಾ, ಅವನು ಹೀರೋ. ಪುಸ್ತಕದಲ್ಲಿ ಕೊನೇವರೆಗೂ ಬದುಕಿರ್ತಾನೆ."

"ಪುಸ್ತಕದಾಗಿರಂಗೆ ಏನ್ ತೋರ್ಸಿದ್ದೀಯ ಇಲ್ಲೀಗಂಟ? ಸಾಯ್ಸಪ್ಪ."

ವಸಂತ್ ಒಂದು ಗಳಿಗೆಯೂ ಯೋಚಿಸಲಿಲ್ಲ. "ಸೂಪರ್ ಅಮ್ಮಾ, ಸಾಯಿಸೋಣ" ಎಂದರು. ಲೇಖಕರನ್ನು ಒಂದು ಮಾತು ಕೇಳಬೇಕೆಂದು ಆ ಕೋಣೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದೆ. ನೀಲಾಂಬಿಕೆ ಅವ್ವನ ಕೈಯಲ್ಲಿದ್ದ ಫೋನಿಗೆ ಬಾಗಿದಳು.

"ವಸಂತ್ ಅವ್ರೇ, ಒಂದ್ನಿಮಿಷ. ಇವರು ಸಾಯೋದು ಶನಿವಾರನಾ, ಭಾನುವಾರನಾ? ನಮ್ಮ ಬೀದಿಯವರಿಗೆಲ್ಲ ಹೇಳ್ಬೇಕು."